ಶನಿವಾರದ ಹಿಟ್ಟು, ಭಾನುವಾರದ ದೋಸೆ

ಭಾನುವಾರ ಬೆಳಗ್ಗೆ ಎಂಟೂವರೆಗೆ ಹೊಸ ಹೋಟೆಲೊಂದರಲ್ಲಿ ನಿಮ್ಮ ಮುಂದೆ ಬರುವ ದೋಸೆಯ ಹಣೆಬರಹ ಶನಿವಾರ ಮಧ್ಯಾಹ್ನವೇ ಬರೆದಾಗಿರುತ್ತದೆ. ನಾಳೆಗೆ ಎಷ್ಟು ಕಿಲೋ ಅಕ್ಕಿ, ಎಷ್ಟು ಉದ್ದು ನೆನೆಹಾಕಬೇಕು ಎಂದು ಅಡುಗೆಮನೆಯಲ್ಲಿ ಯಾರೋ ಒಬ್ಬರು ಲೆಕ್ಕ ಹಾಕಿ, ನೀರು ಸುರಿದು, ಮುಚ್ಚಳ ಮುಚ್ಚಿ ಹೋಗಿರುತ್ತಾರೆ. ಆ ಲೆಕ್ಕ ಸರಿಯಿದ್ದರೆ ನಿಮ್ಮ ಬೆಳಗು ಚೆನ್ನ. ತಪ್ಪಿದ್ದರೆ ಎಷ್ಟು ತುಪ್ಪ ಸುರಿದರೂ, ಎಷ್ಟು ಪುಡಿ ಉದುರಿಸಿದರೂ ಸರಿಹೋಗದು.

ಬೆಂಗಳೂರಿನಲ್ಲಿ ಈಗ ವಾರಾಂತ್ಯ ಬಂತೆಂದರೆ ಹೊಸ ತಿಂಡಿ ಹೋಟೆಲಿನ ಹುಡುಕಾಟ. ಶನಿವಾರ ರಾತ್ರಿ ಸ್ನೇಹಿತರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬರುತ್ತದೆ: ಕಾವಲಿಯ ಮೇಲೆ ದೋಸೆ, ದೋಸೆಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಪುಡಿ. ಕೆಳಗೊಂದು ಪ್ರಶ್ನೆ, "ನಾಳೆ ಹೋಗೋಣ್ವಾ?" ಮರುದಿನ ಬೆಳಗ್ಗೆ ಪಾರ್ಕಿಂಗ್‌ಗೆ ಪರದಾಟ, ಟೋಕನ್‌ಗೆ ಸಾಲು, ಕೈಯಲ್ಲಿ ತಟ್ಟೆ ಹಿಡಿದು ನಿಲ್ಲಲು ಒಂದಡಿ ಜಾಗಕ್ಕೆ ಕಣ್ಣಾಟ. ವಾಪಸು ಬರುವಾಗ ಕಾರಿನಲ್ಲೇ ತೀರ್ಪು ಆಗಿಬಿಡುತ್ತದೆ: "ಪರವಾಗಿಲ್ಲ, ಆದ್ರೆ ಅಷ್ಟೇನಿಲ್ಲ." ಯಾಕೆ ಅಷ್ಟೇನಿಲ್ಲ ಎಂದರೆ ಹೇಳುವವರಿಲ್ಲ. ಅದನ್ನು ಹೇಳಬೇಕಾದರೆ ಹಿಟ್ಟಿನಿಂದ ಶುರುಮಾಡಬೇಕು.

ಉದ್ದು, ಅಕ್ಕಿ ನೆನೆಯಲು ನಾಲ್ಕೈದು ಗಂಟೆ ಬೇಕು. ಸಂಜೆ ರುಬ್ಬಬೇಕು. ರುಬ್ಬಿದ ಹಿಟ್ಟು ರಾತ್ರಿಯಿಡೀ ಹುದುಗಬೇಕು. ಈ ಕೊನೆಯ ಕೆಲಸ ಮಾಡುವುದು ಮನುಷ್ಯರಲ್ಲ, ಧಾನ್ಯದ ಜೊತೆಯಲ್ಲೇ ಬರುವ ಸೂಕ್ಷ್ಮಜೀವಿಗಳು. ಅವುಗಳಲ್ಲಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಪ್ರಮುಖವಾದುದು. ಅದು ಹಿಟ್ಟಿನಲ್ಲಿರುವ ಸಕ್ಕರೆಯಂಶವನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಹುಳಿಯಿಂದ ರುಚಿ, ಅನಿಲದಿಂದ ಉಬ್ಬು. ಆ ಅನಿಲ ಹಾರಿಹೋಗದಂತೆ ಹಿಡಿದಿಡುವುದು ಉದ್ದಿನ ಲೋಳೆ. ಅದಕ್ಕೇ ಉದ್ದಿಲ್ಲದೆ ಬರೀ ಅಕ್ಕಿ ರುಬ್ಬಿಟ್ಟರೆ ಹುಳಿಯೇನೋ ಬರುತ್ತದೆ, ಉಬ್ಬುವುದಿಲ್ಲ. ನೀರುದೋಸೆಗೆ ಆ ಉಬ್ಬು ಬೇಕಿಲ್ಲ, ಹಾಗಾಗಿ ಅದನ್ನು ರುಬ್ಬಿದ ತಕ್ಷಣವೇ ಹುಯ್ಯಬಹುದು. ಇಡ್ಲಿ, ಮಸಾಲೆ ದೋಸೆಗಳಿಗೆ ಆ ಸೌಲಭ್ಯವಿಲ್ಲ.

ಈ ಬ್ಯಾಕ್ಟೀರಿಯಾಗಳಿಗೆ ಭಾನುವಾರ ಗೊತ್ತಿಲ್ಲ. ಅವಕ್ಕೆ ಗೊತ್ತಿರುವುದು ಹವೆ ಮಾತ್ರ. ಏಪ್ರಿಲ್ ತಿಂಗಳಲ್ಲಿ ಎಂಟು ಗಂಟೆಗೆ ಉಕ್ಕಿ ಬರುವ ಹಿಟ್ಟು, ರಾತ್ರಿಯ ತಾಪ 15 ಡಿಗ್ರಿಗೆ ಇಳಿಯುವ ಡಿಸೆಂಬರ್‌ನಲ್ಲಿ ಹನ್ನೆರಡು ಗಂಟೆಯಾದರೂ ಮಲಗಿಯೇ ಇರುತ್ತದೆ. ಅನುಭವಿ ಭಟ್ಟರು ಚಳಿಗಾಲದಲ್ಲಿ ಬೇಗ ರುಬ್ಬಿಸುತ್ತಾರೆ, ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಾರೆ, ಬೇಸಿಗೆಯಲ್ಲಿ ತಣ್ಣೀರು ಹಾಕಿ ರುಬ್ಬಿಸುತ್ತಾರೆ. ಹಾಗಾದರೆ ಫ್ರಿಜ್ ಯಾಕಿದೆ ಎಂದು ಕೇಳಬಹುದು. ಹದಕ್ಕೆ ಬಂದ ಹಿಟ್ಟು ಇನ್ನಷ್ಟು ಹುಳಿಯಾಗದಂತೆ ತಡೆಯಲು ಫ್ರಿಜ್ ಬೇಕು. ಒಂದೇ ಕಡೆ ರುಬ್ಬಿ ನಾಲ್ಕಾರು ಶಾಖೆಗಳಿಗೆ ಹಿಟ್ಟು ಕಳಿಸುವ ಹೋಟೆಲುಗಳು ನಡೆಯುವುದೇ ಅದರ ಬಲದಿಂದ. ಆದರೆ ಹದಕ್ಕೆ ಬಾರದ ಹಿಟ್ಟನ್ನು ಹದಕ್ಕೆ ತರುವ ಯಂತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಈಗ ಹೋಟೆಲಿನವರ ಲೆಕ್ಕಕ್ಕೆ ಬರೋಣ. ಒಂದು ಕಿಲೋ ಅಕ್ಕಿ-ಬೇಳೆ ರುಬ್ಬಿದರೆ ಸುಮಾರು ಎರಡೂಕಾಲು ಕಿಲೋ ಹಿಟ್ಟಾಗುತ್ತದೆ. ಕೊಂಚ ದಪ್ಪನೆಯ ಮಸಾಲೆ ದೋಸೆಗೆ 120 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ಕಿಲೋಗೆ ಹದಿನೆಂಟು, ಹತ್ತೊಂಬತ್ತು ದೋಸೆ. ವಾರದ ದಿನ 250 ದೋಸೆ ಹೋಗುವ ಕಡೆ 14 ಕಿಲೋ ನೆನೆಹಾಕಿದರೆ ಸಾಕು. ಭಾನುವಾರ 600 ಹೋದರೆ 32 ಕಿಲೋ ಬೇಕು. ಹಾಕಿದ್ದು 20 ಆಗಿದ್ದರೆ ಬೆಳಗ್ಗೆ ಹತ್ತರ ಸುಮಾರಿಗೆ ಹಿಟ್ಟು ತಳ ಕಾಣುತ್ತದೆ. ಹಾಕಿದ್ದು 40 ಆಗಿದ್ದರೆ ಉಳಿದದ್ದು ಸೋಮವಾರದ ಗಿರಾಕಿಗೆ ಹುಳಿಯಾಗಿ ಸಿಗುತ್ತದೆ. ಅಂದಾಜು ಎರಡೂ ಕಡೆ ತಪ್ಪಬಹುದು, ಎರಡೂ ತಟ್ಟೆಯಲ್ಲಿ ಕಾಣುತ್ತದೆ.

ಹಳೆಯ ಹೋಟೆಲುಗಳ ಹೆಚ್ಚುಗಾರಿಕೆ ಇರುವುದು ಈ ಅಂದಾಜಿನಲ್ಲಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಎಂಬತ್ತು ವರ್ಷಗಳ ಭಾನುವಾರಗಳನ್ನು ಕಂಡ ಅಡುಗೆಮನೆಗೆ ಹಬ್ಬದ ಮರುದಿನ ಎಷ್ಟು ಜನ, ಮಳೆ ಬಂದರೆ ಎಷ್ಟು ಜನ ಎಂಬುದನ್ನು ಬರೆದಿಡಬೇಕಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಬೆರಳೆಣಿಕೆಯ ತಿಂಡಿಗಳಲ್ಲೇ ನಡೆದುಬಂದಿದೆ: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ಸಾಂಬಾರೇ ಇಲ್ಲ, ಬೇಕಾದಷ್ಟು ಚಟ್ನಿ. ತಿಂಡಿ ಕಡಿಮೆಯಿದ್ದಷ್ಟೂ ಅಂದಾಜು ತಪ್ಪುವ ಜಾಗವೂ ಕಡಿಮೆ. ನಿನ್ನೆ ಮೊನ್ನೆ ತೆರೆದ ಹೋಟೆಲಿಗೆ ಈ ನೆನಪಿನ ಬಂಡವಾಳ ಇರುವುದಿಲ್ಲ. ಅಲ್ಲಿ ಮೂವತ್ತು ನಲವತ್ತು ತಿಂಡಿಗಳ ಪಟ್ಟಿ ಬೇರೆ ಇದ್ದರೆ ಪ್ರತಿಯೊಂದಕ್ಕೂ ಬೇರೆ ಅಂದಾಜು ಬೇಕು. ಹೊಸ ಹೋಟೆಲಿನ ಒಳಗೆ ಹೋದ ತಕ್ಷಣ ನಾನು ಮೊದಲು ನೋಡುವುದು ಆ ಪಟ್ಟಿಯ ಉದ್ದವನ್ನು.

ದಕ್ಷಿಣ ಬೆಂಗಳೂರಿನ ಒಂದು ಹೊಸ ಹೋಟೆಲಿಗೆ ಇತ್ತೀಚೆಗೆ ಭಾನುವಾರ ಹೋಗಿದ್ದಾಗ ಕಾವಲಿಯ ಹತ್ತಿರವೇ ಜಾಗ ಸಿಕ್ಕಿತ್ತು. ಉದ್ದನೆಯ ಕಾವಲಿ, ಒಂದೇ ಸಲಕ್ಕೆ ಹನ್ನೆರಡು ದೋಸೆ. ಭಟ್ಟರು ಒಂದು ಚೊಂಬು ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಸರ್ರನೆ ಗುಡಿಸಿ, ಹನ್ನೆರಡು ಕಡೆ ಹಿಟ್ಟು ಸುರಿದು, ಸೌಟಿನ ಬುಡದಿಂದ ಸುತ್ತು ಹಾಕುತ್ತಿದ್ದರು. ಆ ನೀರು ಶಾಸ್ತ್ರಕ್ಕೆ ಹಾಕುವುದಲ್ಲ. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಬಿದ್ದ ಕಡೆಯೇ ಕಚ್ಚಿಕೊಂಡು ಹರಡುವುದಿಲ್ಲ. ನೀರು ಮೇಲ್ಮೈಯ ಕಾವನ್ನು ಇಳಿಸುತ್ತದೆ. ಪೊರಕೆ ಹಿಂದಿನ ದೋಸೆಯ ಎಣ್ಣೆಯನ್ನೂ ಚೂರುಗಳನ್ನೂ ಗುಡಿಸುತ್ತದೆ. ಎಣ್ಣೆ ಉಳಿದರೆ ಹಿಟ್ಟು ಜಾರುತ್ತದೆ, ಸುತ್ತು ಕೂರುವುದಿಲ್ಲ. ಹರಡಿದ ಮೇಲೆ ಕಾವು ಮತ್ತೆ ಏರಬೇಕು. 140 ಡಿಗ್ರಿ ದಾಟಿದ ಮೇಲೆ ಹಿಟ್ಟಿನ ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಕೂಡಿ ಆ ಹೊಂಬಣ್ಣವನ್ನೂ ಘಮವನ್ನೂ ಕೊಡುತ್ತವೆ. ಆ ಅಂಶಗಳನ್ನು ಬಿಡಿಬಿಡಿಯಾಗಿ ಒದಗಿಸುವುದು ರಾತ್ರಿಯ ಹುದುಗು. ದೋಸೆಗೆ ಹಾಕುವ ಒಂದು ಹಿಡಿ ಕಡಲೆಬೇಳೆ, ಮೆಂತ್ಯ, ಅವಲಕ್ಕಿಗಳೂ ಬಣ್ಣಕ್ಕೆ, ಗರಿಗೆ ನೆರವಾಗುತ್ತವೆ.

ಹತ್ತು ಗಂಟೆಯವರೆಗೆ ಅಲ್ಲಿ ಎಲ್ಲವೂ ಸೊಗಸಾಗಿತ್ತು. ಹಿಟ್ಟು ಸೌಟಿನಿಂದ ಮೆಲ್ಲಗೆ ಇಳಿಯುತ್ತಿತ್ತು, ಹರಡಿದ ಕ್ಷಣಾರ್ಧದಲ್ಲಿ ಮೈತುಂಬ ಸಣ್ಣ ಕಣ್ಣು ಮೂಡುತ್ತಿದ್ದವು. ಆಮೇಲೆ ಹುಡುಗನೊಬ್ಬ ಒಳಗಿನಿಂದ ಇನ್ನೊಂದು ಪಾತ್ರೆ ತಂದಿಟ್ಟ. ಭಟ್ಟರು ಸೌಟು ಅದ್ದಿ ಎತ್ತಿ, ಹುಡುಗನ ಮುಖ ನೋಡಿ, "ಇದು ಬಂದಿಲ್ವಲ್ಲೋ" ಎಂದರು. ಹುಡುಗ ಗಲ್ಲಾದ ಕಡೆ ಕೈ ತೋರಿಸಿದ. ಗಲ್ಲಾದವರು ಇತ್ತ ತಿರುಗಲೂ ಇಲ್ಲ, ಸಾಲು ರಸ್ತೆಯವರೆಗೆ ಹೋಗಿತ್ತು. ಭಟ್ಟರು ಒಂದು ಚಿಟಿಕೆ ಸೋಡಾ, ಒಂದು ಹಿಡಿ ಸಕ್ಕರೆ ಹಾಕಿ ಕಲಸಿದರು. ಆಮೇಲಿನ ದೋಸೆಗಳ ಮೈಯಲ್ಲಿ ಕಣ್ಣುಗಳು ಅಲ್ಲೊಂದು ಇಲ್ಲೊಂದು. ಬಣ್ಣ ಸಕ್ಕರೆಯಿಂದ ಅಂಚಿನಲ್ಲಿ ಬೇಗ ಕಪ್ಪಾಗಿ, ನಡುವೆ ಬಿಳುಪಾಗಿಯೇ ಉಳಿಯಿತು. ಅದನ್ನು ಮುಚ್ಚಲು ತುಪ್ಪದ ಸೌಟು ಎರಡು ಸಲ ಆಡಿತು. ಸಾಲಿನಲ್ಲಿದ್ದವರು ತುಪ್ಪ ನೋಡಿ ಫೋನ್ ಎತ್ತಿ ಹಿಡಿದರು.

ಈ ಮಾತನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಅದೇ ಹೋಟೆಲಿನಲ್ಲಿ ಎಂಟಕ್ಕೆ ತಿಂದವರೂ ಹತ್ತೂವರೆಗೆ ತಿಂದವರೂ ಸಂಜೆ ಎದುರಾದರೆ ಜಗಳವಾಡಬಹುದು. ಇಬ್ಬರ ಮಾತೂ ನಿಜ. ನಾವು ಹೋಟೆಲಿನ ಬಗ್ಗೆ ಕೊಡುವ ತೀರ್ಪು ಬಹುಪಾಲು ಒಂದು ಪಾತ್ರೆ ಹಿಟ್ಟಿನ ಬಗ್ಗೆ ಕೊಟ್ಟ ತೀರ್ಪು.

ಕಾಲವನ್ನೇ ದಾಟುವ ಉಪಾಯ ಇಲ್ಲವೇ? ಇದೆ, ಅದನ್ನು ಈ ಊರೇ ಜಗತ್ತಿಗೆ ಕೊಟ್ಟಿದೆ. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ತೆರೆದ ಹೋಟೆಲು ಮುಂದೆ ಮಾವಳ್ಳಿ ಟಿಫನ್ ರೂಮ್ಸ್, ಅಂದರೆ ಎಂಟಿಆರ್, ಆಯಿತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು, ಎಲ್ಲೆಡೆ ಅಕ್ಕಿಗೆ ತತ್ವಾರವಾದಾಗ ಎಂಟಿಆರ್‌ನಲ್ಲಿ ಗೋಧಿ ರವೆಯಿಂದ ಇಡ್ಲಿ ಮಾಡಿದರು. ರವೆಗೆ ಮೊಸರು ಕಲಸಿದರೆ ಹುಳಿ ಸಿದ್ಧ, ಸೋಡಾ ಹಾಕಿದರೆ ಉಬ್ಬು ಸಿದ್ಧ. ರಾತ್ರಿಯಿಡೀ ಕಾಯಬೇಕಾದದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಅಕ್ಕಿಯ ಅಭಾವಕ್ಕೆ ಹುಟ್ಟಿದ ತಿಂಡಿ ಸಮಯದ ಅಭಾವಕ್ಕೂ ಒದಗಿತು. ಹೊಸ ಹೋಟೆಲಿನಲ್ಲಿ ಹತ್ತೂವರೆ ದಾಟಿದ್ದರೆ ಅಕ್ಕಿಯ ಇಡ್ಲಿಗಿಂತ ರವೆ ಇಡ್ಲಿ ಕೇಳುವುದು ಜಾಣತನ. ಖಾರಾಬಾತ್ ಕೂಡ ಹಾಗೆಯೇ, ಆಗಿಂದಾಗ್ಗೆ ಮಾಡುವಂಥದ್ದು. ಇವೆರಡೂ ಕೆಟ್ಟಿದ್ದರೆ ಮಾತ್ರ ದೂರಬೇಕಾದದ್ದು ಕೈಗುಣವನ್ನೇ.

ವಡೆಯ ದಾರಿ ಬೇರೆ. ನೆನೆದ ಉದ್ದನ್ನು ನೀರು ಹೆಚ್ಚು ಸೋಕಿಸದೆ ರುಬ್ಬಿ, ಹುದುಗಲು ಬಿಡದೆ ಕರಿಯಬೇಕು. ಅದಕ್ಕೆ ಜನಜಂಗುಳಿಯಿಂದ ಬರುವ ಕಷ್ಟವೇ ಬೇರೆ ರೀತಿಯದು: ಬಾಣಲೆಗೆ ಒಮ್ಮೆಲೇ ಇಪ್ಪತ್ತು ವಡೆ ಬಿಟ್ಟರೆ ಎಣ್ಣೆಯ ಕಾವು ಇಳಿದು, ವಡೆ ಬೇಯುವ ಬದಲು ಎಣ್ಣೆ ಕುಡಿಯುತ್ತದೆ. ವಡೆ ಮುರಿದ ಬೆರಳು ಹೊಳೆಯುತ್ತಿದ್ದರೆ ಬಾಣಲೆಯಲ್ಲಿ ಜನ ಜಾಸ್ತಿಯಾಗಿದ್ದಾರೆ ಎಂದರ್ಥ. ಕಾಫಿಯದೂ ಕಾಲದ ಲೆಕ್ಕವೇ. ಮೊದಲ ಡಿಕಾಕ್ಷನ್ ಗಟ್ಟಿಯಾಗಿ ಇಳಿಯಲು ಸಾವಧಾನ ಬೇಕು. ಸಾಲು ಬೆಳೆದಾಗ ಅದೇ ಪುಡಿಯ ಮೇಲೆ ಮತ್ತೆ ನೀರು ಹೊಯ್ದ ಎರಡನೇ ಡಿಕಾಕ್ಷನ್ ಲೋಟಕ್ಕೆ ಬರುತ್ತದೆ. ಬಣ್ಣಕ್ಕೆ ಚಿಕೋರಿ ಇದೆ, ಹಾಗಾಗಿ ಕಣ್ಣಿಗೆ ವ್ಯತ್ಯಾಸ ತಿಳಿಯದು, ನಾಲಗೆಗೆ ತಿಳಿಯುತ್ತದೆ.

ಹಾಗಾದರೆ ಹೊಸ ಹೋಟೆಲಿನಲ್ಲಿ ಏನು ಕೇಳಬೇಕು? ಮೊದಲು ಬರೀ ಇಡ್ಲಿ. ಮೇಲೇನೂ ಇಲ್ಲದ, ಸಾಂಬಾರಿನಲ್ಲಿ ಮುಳುಗಿಸದ ಇಡ್ಲಿ. ನಾನು ಹೋದ ಕಡೆ ಅದನ್ನು ಕೇಳಿದಾಗ ಗಲ್ಲಾದ ಹುಡುಗ, "ಇದೆ ಸಾರ್, ಆದ್ರೆ ಎಲ್ಲಾ ತುಪ್ಪದ ಪುಡಿ ಇಡ್ಲಿನೇ ತಗೊಳ್ತಾರೆ" ಎಂದ. ಪುಡಿ ಇಡ್ಲಿ ತಿನ್ನಬಾರದೆಂದೇನಿಲ್ಲ. ತುಪ್ಪ, ಒಣಮೆಣಸು, ಹುರಿದ ಬೇಳೆ ಸೇರಿದರೆ ಬಾಯಿಗೆ ಹಿತವಾಗದೆ ಇರುವುದು ಕಷ್ಟ. ತೊಂದರೆಯೂ ಅಲ್ಲೇ ಇದೆ, ಯಾವ ಇಡ್ಲಿಗೆ ಹಾಕಿದರೂ ಅದು ರುಚಿಯೇ. ಬರೀ ಇಡ್ಲಿಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಮೇಲೇಳಬೇಕು. ಮುರಿದಾಗ ಒಳಗೆ ಸಣ್ಣ ತೂತುಗಳು ಒಂದೇ ಸಮ ಇರಬೇಕು. ನುಂಗಿದ ಮೇಲೆ ಒಂದು ತೆಳು ಹುಳಿ ಉಳಿಯಬೇಕು. ಹುಳಿಯೇ ಇಲ್ಲದೆ ಬರೀ ಮೆತ್ತಗಿದ್ದು, ಬಾಯಲ್ಲಿ ಸಾಬೂನಿನಂಥ ರುಚಿ ಉಳಿದರೆ ಅದು ಸೋಡಾದ ಕೆಲಸ. ತಳ ಒದ್ದೆಯಾಗಿದ್ದರೆ ಇಡ್ಲಿ ಬೆಂದು ಬಹಳ ಹೊತ್ತು ಡಬ್ಬದಲ್ಲಿ ಕಾದಿದೆ. ಆಮೇಲೆ ಒಂದು ಸಾದಾ ದೋಸೆ, ಚಟ್ನಿ. ಚಟ್ನಿಯಲ್ಲಿ ತೆಂಗಿನಕಾಯಿ ಎಷ್ಟು, ಹುರಿಗಡಲೆ ಎಷ್ಟು ಎಂಬುದು ಹೋಟೆಲಿನವರ ಕೈ ಎಷ್ಟು ಬಿಗಿ ಎಂದು ಹೇಳುತ್ತದೆ. ಕೊನೆಗೆ ಕಾಫಿ, ಜೊತೆಗಾರರಿದ್ದರೆ ಬೈಟು. ಚೌಚೌಬಾತ್, ಓಪನ್ ಬೆಣ್ಣೆ ಮಸಾಲೆಗಳನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳಬಹುದು.

ಬೆಣ್ಣೆ ದೋಸೆ ಎಂಬ ಬೋರ್ಡ್ ಹಾಕಿದ ಹೊಸ ಹೋಟೆಲಾದರೆ ಅಳೆಯುವ ಕೋಲನ್ನು ಕೊಂಚ ಬದಲಿಸಬೇಕು. ದಾವಣಗೆರೆಯ ದೋಸೆಯ ಹಿಟ್ಟಿಗೆ ಉದ್ದು ಕಡಿಮೆ, ಮಂಡಕ್ಕಿ ಸೇರುತ್ತದೆ. ಮೇಲೆ ಬಿಳಿ ಬೆಣ್ಣೆ, ಪಕ್ಕದಲ್ಲಿ ಮಸಾಲೆ ಇಲ್ಲದ ಆಲೂಗಡ್ಡೆ ಪಲ್ಯ, ತೆಳುವಾದ ಕಾಯಿಚಟ್ನಿ. ಅಲ್ಲಿ ಸಾಂಬಾರ್ ಕೇಳುವ ಪದ್ಧತಿಯಿಲ್ಲ, ದೋಸೆಯ ಒಳಗೆ ಕೆಂಪು ಚಟ್ನಿ ಸವರುವ ಪದ್ಧತಿಯೂ ಇಲ್ಲ. ಬೆಂಗಳೂರಿನ ಮಸಾಲೆ ದೋಸೆಯ ಮೇಲೆ ಒಂದು ಗಡ್ಡೆ ಬೆಣ್ಣೆ ಇಟ್ಟು ಅದನ್ನೇ ದಾವಣಗೆರೆಯದು ಎಂದು ಮಾರುವ ಕಡೆ, ಆ ಊರಿನವರು ಒಂದು ತುತ್ತಿಗೇ ಎದ್ದು ಹೋಗುವುದನ್ನು ಕಾಣಬಹುದು.

ಇನ್ನು ದುಡ್ಡಿನ ವಿಚಾರ. ನಿಂತು ತಿನ್ನುವ ಈ ಪದ್ಧತಿಯ ಮೂಲ 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿ. ಕುರ್ಚಿ ತೆಗೆದರು, ಮಾಣಿಯನ್ನು ತೆಗೆದರು, ಗೋಡೆ ಒಡೆದು ಅಡುಗೆಮನೆಯನ್ನು ಕಣ್ಣೆದುರಿಗೆ ತಂದರು. ಸಣ್ಣ ಜಾಗದಲ್ಲಿ ಹೆಚ್ಚು ಜನ, ಹತ್ತು ನಿಮಿಷದಲ್ಲಿ ತಿಂಡಿ ಮುಗಿಸಿ ಕೆಲಸಕ್ಕೆ ಹೋಗುವವರು, ಅದರಿಂದಾಗಿ ಕಡಿಮೆ ಬೆಲೆ. ದರ್ಶಿನಿಯ ಲೆಕ್ಕಾಚಾರ ನಿಂತಿದ್ದದ್ದು ವಾರದ ಆರು ದಿನದ ಗಿರಾಕಿಯ ಮೇಲೆ. ಇಂದಿನ ಹೊಸ ತಿಂಡಿ ಹೋಟೆಲುಗಳು ಕಟ್ಟೆಯನ್ನೂ ಟೋಕನ್ನನ್ನೂ ದರ್ಶಿನಿಯಿಂದ ಪಡೆದರೂ, ಅವುಗಳ ಲೆಕ್ಕಾಚಾರ ಬೇರೆ. ದುಬಾರಿ ರಸ್ತೆಯಲ್ಲಿ ಜಾಗ, ಹಿತ್ತಾಳೆ ಕಳಶದ ಅಲಂಕಾರ, ದೂರದಿಂದ ಕಾರಿನಲ್ಲಿ ಬರುವವರೇ ಹೆಚ್ಚು. ಅವರು ಬರುವುದು ಶನಿವಾರ, ಭಾನುವಾರ. ತಿಂಗಳ ಬಾಡಿಗೆಯ ದೊಡ್ಡ ಪಾಲು ಎಂಟು ಹತ್ತು ಬೆಳಗುಗಳಲ್ಲಿ ಹುಟ್ಟಬೇಕು. ಅಂಥ ಬೆಳಗಿನಲ್ಲಿ ಹತ್ತಕ್ಕೆ ಹಿಟ್ಟು ಮುಗಿದರೆ, ರಸ್ತೆಯವರೆಗೆ ನಿಂತ ಸಾಲನ್ನು ಬರಿಗೈಯಲ್ಲಿ ಕಳಿಸುವ ಧೈರ್ಯ ಯಾವ ಮಾಲೀಕರಿಗೆ ಬರುತ್ತದೆ? ಬಾರದ ಹಿಟ್ಟು ಕಾವಲಿಗೆ ಬೀಳುವುದು ಹೀಗೆ. ಭಟ್ಟರಿಗೆ ಗೊತ್ತಿದ್ದೂ ಸುಮ್ಮನಿರಬೇಕಾಗುತ್ತದೆ.

ಈ ಊರಿನಲ್ಲಿ ನಷ್ಟವನ್ನು ಬಾಗಿಲಲ್ಲೇ ಬರೆದು ಹಾಕಿದ ಹೋಟೆಲೂ ಇತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಲು ಹೇಳಿದಾಗ ಎಂಟಿಆರ್‌ನವರು ಗುಣಮಟ್ಟ ಇಳಿಸದೆ ಆ ಇಳಿದ ಬೆಲೆಗೇ ಕೊಟ್ಟು, ದಿನದ ನಷ್ಟವನ್ನು ಜನರಿಗೆ ಕಾಣುವಂತೆ ಪ್ರಕಟಿಸುತ್ತಿದ್ದರು ಎಂದು ಹಳೆಯ ಬೆಂಗಳೂರಿಗರು ಇಂದಿಗೂ ಹೇಳುತ್ತಾರೆ. ಕೊನೆಗೆ ಹೋಟೆಲನ್ನೇ ಮುಚ್ಚಿ, ತಿಂಡಿಗಳ ಸಿದ್ಧ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರಲು ಹೊರಟರು. ರವೆ ಇಡ್ಲಿ ಪೊಟ್ಟಣದಲ್ಲಿ ಮನೆಮನೆಗೆ ಹೋದದ್ದು ಆ ದಾರಿಯಲ್ಲಿ. ಆ ಹೋಟೆಲು ಮತ್ತೆ ಬಾಗಿಲು ತೆರೆದಾಗ ಹಳೆಯ ಗಿರಾಕಿಗಳು ಹಿಂದಕ್ಕೆ ಬಂದರು. ಇಂದಿಗೂ ಭಾನುವಾರ ಲಾಲ್‌ಬಾಗ್ ರಸ್ತೆಯಲ್ಲಿ ಜನ ಹೆಸರು ಬರೆಸಿ ಕಾಯುತ್ತಾರೆ.

ಹೊಸ ಹೋಟೆಲಿಗೆ ಹೋಗುವವರಿಗೆ ನನ್ನ ಸಲಹೆ ಸರಳ. ತೆರೆದ ಮೊದಲ ವಾರ ಬೇಡ, ಆಗ ಕಾವಲಿಯೂ ಪಳಗಿರುವುದಿಲ್ಲ, ಕೈಯೂ ಪಳಗಿರುವುದಿಲ್ಲ. ಎರಡು ತಿಂಗಳು ಕಳೆಯಲಿ. ಭಾನುವಾರ ಏಳೂವರೆಗೆ ಒಮ್ಮೆ ಹೋಗಿ, ಅಲ್ಲಿನವರಿಗೆ ಏನು ಬರುತ್ತದೆ ಎಂಬುದು ತಿಳಿಯುತ್ತದೆ. ಇನ್ನೊಂದು ಭಾನುವಾರ ಹತ್ತೂವರೆಗೆ ಹೋಗಿ, ಕೈಮೀರಿದಾಗ ಅವರು ಏನು ಮಾಡುತ್ತಾರೆ ಎಂಬುದು ತಿಳಿಯುತ್ತದೆ. ಎರಡನೆಯದೇ ಹೆಚ್ಚು ಮುಖ್ಯ. ಆ ಹೊತ್ತಿನಲ್ಲಿ ಗಲ್ಲಾದವರು "ದೋಸೆ ಮುಗೀತು ಸ್ವಾಮಿ, ಖಾರಾಬಾತ್ ಇದೆ, ರವೆ ಇಡ್ಲಿ ಇದೆ" ಎಂದರೆ ಗೊಣಗಬೇಡಿ, ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಸೇಡು ತೀರಿಸಿಕೊಳ್ಳಬೇಡಿ. ಇಲ್ಲ ಎನ್ನಲು ಗೊತ್ತಿರುವ ಹೋಟೆಲಿನಲ್ಲಿ ಇದೆ ಎಂದದ್ದನ್ನು ನಂಬಿ ತಿನ್ನಬಹುದು. ಕೊಟ್ಟ ಖಾರಾಬಾತ್ ತಿಂದು ಬನ್ನಿ, ಮುಂದಿನ ವಾರ ದೋಸೆಗೆ ಬೇಗ ಹೋಗಿ.